ಎದ್ದ ಚಿಪ್ಪಿಗೆ ಸೂಪರ್ ಗ್ಲೂ ಬೇಡ

ಕೊರಿಯಾದಿಂದ ತಂದ ಕಪ್ಪು ಬೀರುವಿನಲ್ಲಿ ಅಲಂಕಾರಕ್ಕೆ ಕೂರಿಸಿದ ಒಂದು ಕಡಲ ಚಿಪ್ಪಿನ ಚೂರು ಎದ್ದಿದೆ, ಸೂಪರ್ ಗ್ಲೂ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಒಮ್ಮೆ ಹಿಡಿದರೆ ಬಿಡಿಸೋದು ಕಷ್ಟ, ಬಿಡಿಸಲು ಹೋದರೆ ಚಿಪ್ಪೇ ಮುರಿಯುತ್ತದೆ. ಹಳೇ ಕುಶಲಿಗಳು ಬಳಸಿದ್ದು ಪ್ರಾಣಿಗೋಂದು, ಅಂದರೆ ಪ್ರಾಣಿಗಳ ತೊಗಲು, ಮೂಳೆ ಬೇಯಿಸಿ ಮಾಡಿದ ಅಂಟು. ಅದು ಬಿಸಿ, ತೇವಕ್ಕೆ ಮತ್ತೆ ಸಡಿಲವಾಗುತ್ತದೆ.

ಲ್ಯಾಕರ್ ಅನ್ನೋ ಹೊಳಪಿನ ಲೇಪ ಬಳಿದು ಚಿಪ್ಪು ಕೂರಿಸುವ ಈ ಕೆಲಸಕ್ಕೆ ಕೊರಿಯಾದಲ್ಲಿ ನಾಜೊನ್‌ಚಿಲ್ಗಿ ಅಂತಾರೆ, ಟೊಂಗ್ಯೊಂಗ್ ಊರು ಇದಕ್ಕೆ ಹೆಸರುವಾಸಿ. ಲ್ಯಾಕರ್ ಅಂದ ತಕ್ಷಣ ಚನ್ನಪಟ್ಟಣದ ಅರಗು ನೆನಪಾಗುತ್ತದೆ ಅಲ್ವಾ? ಅದು ಹುಳದ್ದು, ಇದು ಮರದ ಸೊನೆ. ಮರ ನಮ್ಮ ಗೇರು, ಮಾವಿನ ಕುಟುಂಬದ್ದೇ. ಹಸಿ ಸೊನೆ ತಾಗಿದರೆ ಮೈ ಉರಿದು ಬೊಬ್ಬೆ ಏಳುತ್ತದೆ. ಗಟ್ಟಿಯಾಗೋದೂ ಬಿಸಿಲಿಗಲ್ಲ, ತೇವದ ಗಾಳಿಗೆ!

ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಹಸಿರು, ನೇರಳೆ, ಗುಲಾಬಿ ಬಣ್ಣ ಓಡಾಡಿದರೆ ಅಬಲೋನಿ ಅನ್ನೋ ಕಡಲ ಬಸವನಹುಳದ ಚಿಪ್ಪೇ ಇರಬೇಕು. ಗಾಳಿ ಒಣಗಿದಾಗ ಮರ ಕುಗ್ಗುತ್ತದೆ, ಚಿಪ್ಪು ಕುಗ್ಗೋದಿಲ್ಲ. ಅದಕ್ಕೇ ಏಳೋದು. ಬೀರುವನ್ನು ಎಸಿ ಗಾಳಿ, ಕಿಟಕಿ ಬಿಸಿಲಿನಿಂದ ದೂರ ಸರಿಸಿ. ಸುಮ್ನೆ ಸೆಲ್ಲೋಟೇಪ್ ಅಂಟಿಸಬೇಡಿ, ಕೀಳುವಾಗ ಪಕ್ಕದ ಚೂರುಗಳೂ ಬರುತ್ತವೆ. ಚೂರು ಪೂರ್ತಿ ಬಿದ್ದರೆ ಸಣ್ಣ ಡಬ್ಬಿಯಲ್ಲಿಟ್ಟು, ಹಳೇ ಪೀಠೋಪಕರಣ ರಿಪೇರಿ ಗೊತ್ತಿರುವವರಿಗೆ ತೋರಿಸಿ.