ನಿಮ್ಮ ಪ್ರಶ್ನೆ, ನನ್ನ ಉತ್ತರ: ಹೊರದೇಶದಿಂದ ಮನೆಗೆ ಬಂದವರು

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದವು. ಹೊರದೇಶದಲ್ಲಿ ಓದಿ ವಾಪಸ್ ಬಂದವರದ್ದು ಎರಡು, ಒಬ್ಬ ತಾಯಿಯದ್ದು ಒಂದು. ಮೊದಲನೆಯದಕ್ಕೆ ಜಾಗ ಜಾಸ್ತಿ ಕೊಟ್ಟಿದ್ದೇನೆ, ಕೊಡಲೇಬೇಕು ಅನ್ನಿಸಿತು.

ಪ್ರಶ್ನೆ: ಅಕ್ಕಾ, ನಮ್ಮೂರು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡ. 2022ರಲ್ಲಿ ಎಂಎಸ್ಸಿ ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಹೋದೆ. ಹೊರಟ ದಿನ ಸೂಟ್‌ಕೇಸ್ ಇಟ್ಟುಕೊಂಡು ಲಾಂಚ್‌ನಲ್ಲಿ ದಾಟಿದ್ದೆ, ಅಜ್ಜಿ ದಡದಲ್ಲಿ ನಿಂತಿದ್ದಳು. 2025ರ ಅಕ್ಟೋಬರ್‌ನಲ್ಲಿ ವಾಪಸ್ ಬಂದೆ. ಈಗ ಸೇತುವೆ ಆಗಿದೆ, ಕಾರು ಕೆಲವೇ ನಿಮಿಷದಲ್ಲಿ ದಾಟಿಬಿಟ್ಟಿತು. ಅಜ್ಜಿ ಇಲ್ಲ. ಅವಳು ತೀರಿಕೊಂಡಾಗ ನನಗೆ ಪರೀಕ್ಷೆ ಹತ್ತಿರ ಇತ್ತು, ಟಿಕೆಟ್‌ಗೆ ದುಡ್ಡೂ ಇರಲಿಲ್ಲ. ವಿಡಿಯೋ ಕಾಲ್‌ನಲ್ಲಿ ನೋಡಿದೆ.

ಅಲ್ಲಿ ನಾನು ಒಬ್ಬಳೇ ತಿರುಗಿದವಳು. 2023ರಲ್ಲಿ ತಿಂಗಳಿಗೆ 49 ಯೂರೋದ ಟಿಕೆಟ್ ಬಂದಮೇಲೆ ಶನಿವಾರ ಬೆಳಗ್ಗೆ ಎದ್ದು ಯಾವುದೋ ಒಂದು ಲೋಕಲ್ ರೈಲು ಹತ್ತುತ್ತಿದ್ದೆ. ರಜೆಯಲ್ಲಿ ಪ್ರಾಗ್, ಕ್ರಾಕೋವ್, ಲಿಸ್ಬನ್ ಎಲ್ಲ ಒಬ್ಬಳೇ ನೋಡಿದೆ. ಇಲ್ಲಿ ಸಾಗರ ಪೇಟೆಗೆ ಹೊರಟರೂ ಅಮ್ಮ ‘ಯಾರ ಜೊತೆ’ ಅನ್ನುತ್ತಾರೆ. ನೆಂಟರು ಬಂದರೆ ಎರಡೇ ಮಾತು, ಸಂಬಳ ಎಷ್ಟು ಬರತ್ತೆ, ಮದುವೆ ಯಾವಾಗ. ಅಲ್ಲಿ ನಾನು ಟ್ರ್ಯಾಮ್‌ನಲ್ಲಿ ದಾಟುತ್ತಿದ್ದ ಕರೋಲಾ ಸೇತುವೆ ಒಂದು ರಾತ್ರಿ ಮುರಿದು ನದಿಗೆ ಬಿತ್ತು. ಅದನ್ನು ಹೇಳಲು ಹೋದರೆ ಅರ್ಧಕ್ಕೇ ಮಾತು ಬೇರೆ ಕಡೆ ಹೋಗುತ್ತದೆ. ರಾತ್ರಿ ಸುಮ್ನೆ ಅಳು ಬರುತ್ತದೆ. ಇಷ್ಟು ಪ್ರೀತಿಸುವ ಮನೆಗೆ ಬಂದು ಅಳುವುದು ತಪ್ಪಲ್ವಾ? ವಾಪಸ್ ಹೋಗಿಬಿಡಲಾ?
— ಓದುಗಿ, ಸಾಗರ ತಾಲ್ಲೂಕು

ಉತ್ತರ: ತಪ್ಪಲ್ಲ ತಂಗೀ.

ನಿನ್ನ ಪತ್ರದಲ್ಲಿ ಅಜ್ಜಿಯ ಬಗ್ಗೆ ಕೆಲವೇ ಸಾಲು ಇದೆ, ಆದರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಮನೆಯವರು ಅವರನ್ನು ಕಳಿಸಿಕೊಟ್ಟಿದ್ದಾರೆ. ದಿನ ಮಾಡಿದ್ದಾರೆ, ವರ್ಷದ ತಿಥಿ ಮಾಡಿದ್ದಾರೆ, ಸೀರೆ ಹಂಚಿದ್ದಾರೆ, ಕೂತು ಅತ್ತಿದ್ದಾರೆ. ನಿನಗೆ ಮಾತ್ರ ಅಜ್ಜಿ ಹೋಗಿದ್ದು ಅಕ್ಟೋಬರ್‌ನಲ್ಲಿ, ಕಾರಿಳಿದು ಅಂಗಳಕ್ಕೆ ಕಾಲಿಟ್ಟಾಗ. ಮನೆಯವರ ದುಃಖ ಹಳೆಯದಾಗಿದೆ, ನಿನ್ನದು ಈಗಷ್ಟೇ ಶುರುವಾಗಿದೆ. ಹಾಗಾಗಿಯೇ ನೀನು ಯಾಕೆ ಅಳುತ್ತೀಯ ಅಂತ ಅವರಿಗೂ ಹೊಳೆಯುತ್ತಿಲ್ಲ.

ನಾನು 1996ರಲ್ಲಿ ಎಡಿನ್‌ಬರೋದಲ್ಲಿ ಓದು ಮುಗಿಸಿ ಬಂದವಳು. ದೊಡ್ಡಪ್ಪ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಏರೋಗ್ರಾಮ್‌ನಲ್ಲಿ, ಅಷ್ಟರೊಳಗೆ ಹದಿಮೂರನೇ ದಿನವೂ ಮುಗಿದಿತ್ತು. ಊರಿಗೆ ಬಂದಮೇಲೆ ಅವರ ಸೈಕಲ್ಲಿಗೆ ಬೇರೆ ಬಣ್ಣ ಹೊಡೆಸಿ ತಮ್ಮ ಓಡಿಸುತ್ತಿದ್ದದ್ದನ್ನು ನೋಡಿ ಬೀದಿಯಲ್ಲೇ ಅತ್ತುಬಿಟ್ಟೆ. ಮನೆಯವರಿಗೆಲ್ಲ ಗಾಬರಿ. ದೊಡ್ಡಮ್ಮ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಕೊನೇ ವಾರ ಏನೇನಾಯಿತು ಅಂತ ಮೊದಲಿಂದ ಹೇಳಿದರು. ಏನು ತಿಂದರು, ಯಾರನ್ನು ಕೇಳಿದರು, ಯಾವ ಹೊತ್ತಿನಲ್ಲಿ ಮಾತು ನಿಂತಿತು. ಅವತ್ತು ರಾತ್ರಿ ನನಗೆ ನಿದ್ದೆ ಬಂತು. ನಿನ್ನ ಅಮ್ಮನನ್ನು ಹಾಗೇ ಕೇಳು. ಅವರು ಸುಮ್ಮನಿರುವುದು ಮರೆತಿದ್ದಕ್ಕಲ್ಲ, ನಿನಗೆ ನೋವಾಗುತ್ತದೆ ಅಂತ. ಹೇಳಿ ಮುಗಿದಮೇಲೆ ಇಬ್ಬರೂ ಲಾಂಚ್ ನಿಲ್ಲುತ್ತಿದ್ದ ದಡಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ.

ಇನ್ನೊಂದು ವಿಷಯ. ವಾಪಸ್ ಬಂದವರಿಗೆ ಹೀಗಾಗುವುದು ಹೊಸದಲ್ಲ. ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಮೇಲಿದ್ದು, ಆಮೇಲೆ ಕುಗ್ಗಿ, ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ ಅಂತ 1955ರಲ್ಲೇ ನಾರ್ವೆಯ ಲಿಸ್‌ಗಾರ್ಡ್ ಎಂಬ ಸಂಶೋಧಕರು ಬರೆದಿದ್ದರು. 1963ರಲ್ಲಿ ಗುಲ್ಲಾಹಾರ್ನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಅದಕ್ಕೆ ಮುಂದಿನ ಭಾಗ ಸೇರಿಸಿದರು, ಮನೆಗೆ ಬಂದಮೇಲೆ ಅದೇ ಇಳಿತ ಮತ್ತೊಮ್ಮೆ ಆಗುತ್ತದೆ ಅಂತ. ಎರಡನೇದು ಜಾಸ್ತಿ ಹೊಡೆಯುವುದು ಯಾಕೆ ಅಂದರೆ ಅದಕ್ಕೆ ನಾವು ತಯಾರಾಗಿರುವುದಿಲ್ಲ. ಡ್ರೆಸ್ಡೆನ್‌ನಲ್ಲಿ ಡಿಸೆಂಬರ್ ಸಂಜೆ ನಾಲ್ಕಕ್ಕೆ ಕತ್ತಲಾಗುತ್ತದೆ, ಭಾನುವಾರ ಅಂಗಡಿ ಇರುವುದಿಲ್ಲ ಅಂತ ಹೋಗುವ ಮೊದಲೇ ನಿನಗೆ ಯಾರಾದರೂ ಹೇಳಿರುತ್ತಾರೆ. ತುಮರಿಯಲ್ಲಿ ಕಷ್ಟವಾಗುತ್ತದೆ ಅಂತ ಯಾರು ಹೇಳುತ್ತಾರೆ?

ಈಗ ಅಪ್ಪಯ್ಯನ ವಿಷಯ, ಅವರ ಬಗ್ಗೆ ನೀನು ಏನೂ ಬರೆದಿಲ್ಲ. ನೀನಿಲ್ಲದ ಮೂರು ವರ್ಷ ಅವರೂ ಬದುಕಿದ್ದಾರೆ. ನೀನು ಹೋದ ವರ್ಷ ಮಲೆನಾಡಿನ ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಜೋರಾಗಿ ಬಡಿದಿತ್ತು, ಔಷಧಿ ಹೊಡೆದು ಹೊಡೆದು ಜನ ಸುಸ್ತಾಗಿದ್ದರು. ನಿಮ್ಮ ತೋಟಕ್ಕೂ ಬಂದಿತ್ತಾ, ನಿನಗೆ ಗೊತ್ತಾ? ಫೋನ್ ಮಾಡಿದಾಗ ‘ಎಲ್ಲಾ ಆರಾಮು’ ಅಂದಿರುತ್ತಾರೆ. ನೀನೂ ಜ್ವರ ಬಂದು ಒಬ್ಬಳೇ ಮಲಗಿದ್ದ ದಿನ ಹಾಗೇ ಅಂದಿರುತ್ತೀಯ. ಎರಡೂ ಕಡೆಯವರು ಮುಚ್ಚಿಟ್ಟದ್ದನ್ನೆಲ್ಲ ಇಟ್ಟುಕೊಂಡು ಈಗ ಒಂದೇ ಜಗುಲಿಯಲ್ಲಿ ಕೂತಿದ್ದೀರಿ.

ಆ ಕರೋಲಾ ಸೇತುವೆಯ ಕತೆ ನೆಂಟರಿಗೆ ಬೇಡ, ಅಪ್ಪಯ್ಯನಿಗೆ ಹೇಳು. 2024ರ ಸೆಪ್ಟೆಂಬರ್ 11ರ ಬೆಳಗಿನ ಜಾವ ಟ್ರ್ಯಾಮ್ ಹಳಿ ಸಮೇತ ಸುಮಾರು 100 ಮೀಟರ್ ಭಾಗ ಎಲ್ಬೆ ನದಿಗೆ ಕುಸಿದದ್ದು, ಒಬ್ಬರಿಗೂ ಗಾಯ ಆಗದೆ ಉಳಿದದ್ದು, ಮರುದಿನ ನೀನು ಯಾವ ದಾರಿಯಲ್ಲಿ ಕ್ಲಾಸಿಗೆ ಹೋದೆ ಅನ್ನುವುದು, ಎಲ್ಲ ಹೇಳು. ಸೇತುವೆ ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ದಾರಿ ಮುಳುಗಿದಮೇಲೆ ದಶಕಗಳ ಕಾಲ ಲಾಂಚ್‌ಗೆ ಕಾದ ಊರು ನಿಮ್ಮದು. ಕೊನೇ ಲಾಂಚ್ ತಪ್ಪಿದ ರಾತ್ರಿಗಳು, ಹೆರಿಗೆ ನೋವು ಬಂದವರನ್ನು ದಾಟಿಸಿದ್ದು, ಅವರ ಹತ್ತಿರ ಎಷ್ಟು ಕತೆ ಇರಬಹುದು! 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದಾಗ ಅವರು ಎಲ್ಲಿದ್ದರು, ಮೊದಲ ಸಲ ದಾಟುವಾಗ ಅವರಿಗೆ ಅಜ್ಜಿ ನೆನಪಾದಳಾ, ಕೇಳಿದ್ದೀಯಾ?

ಒಬ್ಬಳೇ ತಿರುಗುವುದನ್ನು ಬಿಡಬೇಡ. ಅಮ್ಮನ ಭಯ ಸುಳ್ಳಲ್ಲ, ಇಲ್ಲಿ ರಾತ್ರಿ ಹತ್ತಕ್ಕೆ ಬಸ್‌ಸ್ಟ್ಯಾಂಡ್‌ನಲ್ಲಿ ಹುಡುಗಿಯೊಬ್ಬಳು ನಿಂತಿದ್ದರೆ ನೋಡುವ ಕಣ್ಣುಗಳು ಹೇಗಿರುತ್ತವೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಹಗಲಿನಿಂದ ಶುರು ಮಾಡು. 2023ರ ಜೂನ್ 11ರಿಂದ ನಮ್ಮಲ್ಲೂ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದರೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ನಿನ್ನ 49 ಯೂರೋ ಟಿಕೆಟ್‌ಗಿಂತ ಒಳ್ಳೇದು! ಬೆಳಗ್ಗೆ ಹೊರಟು ಸೊರಬದ ಮೇಲೆ ಬನವಾಸಿಗೆ ಹೋಗಿ ಬಾ. ಎಲ್ಲಿಗೆ, ಎಷ್ಟೊತ್ತಿಗೆ ವಾಪಸ್ ಅಂತ ನೀನಾಗಿಯೇ ಹೇಳಿ ಹೋಗು, ಬಂದು ಏನು ನೋಡಿದೆ ಅಂತ ಹೇಳು. ನಾಲ್ಕನೇ ಸಲಕ್ಕೆ ‘ಯಾರ ಜೊತೆ’ ಹೋಗಿ ‘ಊಟ ಕಟ್ಟಿಕೊಡಲಾ’ ಆಗುತ್ತದೆ, ನಮ್ಮನೇಲಿ ಹಾಗೇ ಆಗಿದ್ದು.

ವಾಪಸ್ ಹೋಗುವ ಮಾತು. ಅಜ್ಜಿಗಾಗಿ ಅಳುತ್ತಿರುವಾಗ ಅದನ್ನು ತೀರ್ಮಾನ ಮಾಡಬೇಡ. ಆದರೆ ಒಂದು ತಾರೀಖು ನೋಡಿಕೋ. ಅಲ್ಲಿ ಓದಿದವರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ಪರವಾನಗಿ ಸಿಗುತ್ತದೆ. ಅದನ್ನು ತೆಗೆದುಕೊಂಡೇ ಬಂದಿದ್ದರೂ ಆರು ತಿಂಗಳಿಗಿಂತ ಹೆಚ್ಚು ಜರ್ಮನಿಯಿಂದ ಹೊರಗಿದ್ದರೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಹೋಗುವುದಾದರೆ ಕೆಲಸಕ್ಕಾಗಿ ಹೋಗು, ಮನೆಯಲ್ಲಿ ಮಾತಾಡಲು ಆಗದ್ದಕ್ಕೆ ಹೋಗಬೇಡ. ಅಪ್ಪಯ್ಯನ ಜೊತೆ ಕೂತು ಮಾತಾಡಿದಮೇಲೆ ನನಗೆ ಇನ್ನೊಂದು ಪತ್ರ ಬರಿ.

ಪ್ರಶ್ನೆ: ಐರ್ಲೆಂಡಿನಲ್ಲಿ ಎಂಎಸ್ಸಿ ಮಾಡಿ ಬಂದೆ. ಇಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕಿದರೆ ಅಲ್ಲಿನ ಪದವಿ ಇಲ್ಲಿನದಕ್ಕೆ ಸಮ ಅನ್ನುವ ಸಮಾನತೆ ಪತ್ರ ಕೇಳುತ್ತಿದ್ದಾರೆ. ಯಾರು ಕೊಡುತ್ತಾರೆ?
— ಓದುಗ, ಮೈಸೂರು

ಉತ್ತರ: ಇದಕ್ಕೆ 2025ರ ಏಪ್ರಿಲ್‌ನಲ್ಲಿ ಯುಜಿಸಿ, ಅಂದರೆ ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗ, ಹೊಸ ನಿಯಮ ತಂದಿದೆ. ಆನ್‌ಲೈನ್‌ನಲ್ಲಿ ಅವರಿಗೇ ಅರ್ಜಿ ಹಾಕಬೇಕು. ಅಂಕಪಟ್ಟಿ ಮತ್ತು ಪದವಿ ಪತ್ರದ ಜೊತೆ ಪಠ್ಯಕ್ರಮದ ವಿವರವನ್ನೂ ನಿಮ್ಮ ಕಾಲೇಜಿನಿಂದ ಈಗಲೇ ತರಿಸಿಟ್ಟುಕೊಳ್ಳಿ. ದಿನ ಕಳೆದಷ್ಟೂ ಅಲ್ಲಿನವರು ಉತ್ತರ ಕೊಡುವುದು ನಿಧಾನ.

ಪ್ರಶ್ನೆ: ಅಕ್ಕಾವ್ರೇ, ಮಗ ಕೆನಡಾದಿಂದ ಬಂದು ಮೂರು ತಿಂಗಳಾಯ್ತು. ವೀಸಾ ಮುಗೀತು, ಕೆಲಸ ಸಿಗಲಿಲ್ಲ. ಕೋಣೆಯಿಂದ ಹೊರಗೇ ಬರೋದಿಲ್ಲ. ಬಂಧು-ಬಳಗ ಕೇಳಿದರೆ ಏನು ಹೇಳಲಿ?
— ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಬಂಧುಗಳಿಗೆ ‘ಓದು ಮುಗಿಸಿ ಬಂದಾನ’ ಅಂದರೆ ಸಾಕು, ಅದು ನಿಜವೂ ಹೌದು. ಮಗನಿಗೆ ಕೆಲಸದ ಪ್ರಶ್ನೆ ಕೇಳುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಅಲ್ಲಿ ಒಬ್ಬನೇ ಇದ್ದವನಿಗೆ ಅಡುಗೆ ಬಂದೇ ಬರುತ್ತದೆ. ‘ನೀ ಅಲ್ಲಿ ದಿನಾ ಏನ್ ಮಾಡ್ಕೊಂಡು ತಿಂತಿದ್ದಿ, ನನಗೂ ಮಾಡಿ ಹಾಕು’ ಅನ್ನಿ. ಒಲೆ ಮುಂದೆ ನಿಂತಾಗ ಅವನೇ ಮಾತು ತೆಗೆಯಬಹುದು. ಆದರೆ ಊಟ, ನಿದ್ದೆ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ, ಬದುಕು ಬೇಡ ಎನ್ನುವ ಧಾಟಿಯ ಮಾತು ಒಂದೇ ಒಂದು ಸಲ ಬಂದರೂ, ಕಾಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರೂ ಕರೆ ಮಾಡಬಹುದು. ಮಗನ ಕೈಗೆ ಫೋನ್ ಕೊಡುವ ಮೊದಲು ಇವತ್ತೇ ನೀವು ಒಮ್ಮೆ ಮಾತಾಡಿ, ನಿಮಗೂ ಮೂರು ತಿಂಗಳಿಂದ ನಿದ್ದೆ ಇಲ್ಲ ಅಂತ ಕಾಣುತ್ತದೆ.