ಪಾರ್ಸಲ್ ಕಳೆದುಹೋದರೆ ಹಣ ಯಾರು ಕೊಡ್ತಾರೆ?

ಮನೆಯಿಂದಲೇ ಆನ್‌ಲೈನ್ ವ್ಯಾಪಾರ ಮಾಡುವವರ ಪತ್ರಗಳು ಈ ತಿಂಗಳು ಜಾಸ್ತಿ ಬಂದಿವೆ. ಹೆಚ್ಚಿನವು ತಲುಪದ ಪಾರ್ಸಲ್‌ಗಳ ಬಗ್ಗೆಯೇ. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಾನು ವಾಟ್ಸಾಪ್‌ನಲ್ಲಿ ಇಳಕಲ್ ಸೀರೆ ಮಾರುತ್ತೇನೆ. ಪುಣೆಯ ಒಬ್ಬ ಗ್ರಾಹಕರಿಗೆ 6,800 ರೂಪಾಯಿಯ ಸೀರೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೆ. ತಲುಪಲೇ ಇಲ್ಲ. ದೂರು ಕೊಟ್ಟು ಕಾದು ಕಾದು ಕೊನೆಗೆ ಪರಿಹಾರ ಅಂತ ಬಂದದ್ದು 180 ರೂಪಾಯಿ. ಕಳೆದದ್ದು ಅವರು, ನಷ್ಟ ನನಗೇಕೆ? ಈಗ ಗ್ರಾಹಕರು ಹಣ ವಾಪಸ್ ಕೇಳುತ್ತಿದ್ದಾರೆ. ಕೊಡಬೇಕಾ?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ಸರಿಯಾದದ್ದೇ. ಆದರೆ ಆ 180 ರೂಪಾಯಿ ಯಾರೋ ಮನಸ್ಸಿಗೆ ಬಂದ ಹಾಗೆ ಬರೆದ ಮೊತ್ತ ಅಲ್ಲ. ವಿಮೆ ಮಾಡಿಸದ ಸ್ಪೀಡ್ ಪೋಸ್ಟ್ ಕಳೆದುಹೋದರೆ ಅಥವಾ ಒಳಗಿನ ವಸ್ತು ಹಾಳಾದರೆ ಸಿಗುವುದು ನೀವು ಕಟ್ಟಿದ ಶುಲ್ಕದ ಎರಡರಷ್ಟು, ಇಲ್ಲವೇ 1,000 ರೂಪಾಯಿ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ನೀವು 90 ರೂಪಾಯಿ ಕಟ್ಟಿದ್ದೀರಿ, 180 ಬಂದಿದೆ. ಒಳಗೆ ಸೀರೆ ಇತ್ತೋ ಹಳೇ ಪೇಪರ್ ಇತ್ತೋ, ಈ ಲೆಕ್ಕಕ್ಕೆ ಅದು ಬೇಕಿಲ್ಲ. ಬರೀ ತಡವಾದರೆ ಕಟ್ಟಿದ ಶುಲ್ಕದಷ್ಟು ಮಾತ್ರ ವಾಪಸ್.

ಇದರ ಬೇರು ಕಾಯ್ದೆಯಲ್ಲೇ ಇದೆ. 1898ರ ಅಂಚೆ ಕಾಯ್ದೆಯ 6ನೇ ಸೆಕ್ಷನ್, ಟಪಾಲು ಕಳೆದರೂ ತಡವಾದರೂ ಸರ್ಕಾರಕ್ಕೆ ಹೊಣೆ ಇಲ್ಲ ಎಂದು ಹೇಳುತ್ತಿತ್ತು. ಸರ್ಕಾರ ತಾನೇ ಒಪ್ಪಿಕೊಂಡಷ್ಟು ಮಾತ್ರ ಹೊಣೆ. ಅದರ ಜಾಗಕ್ಕೆ ಬಂದ 2023ರ ಅಂಚೆ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಅದರ 10ನೇ ಸೆಕ್ಷನ್ ಕೂಡ ಹೆಚ್ಚುಕಡಿಮೆ ಅಲ್ಲೇ ನಿಂತಿದೆ: ನಿಯಮದಲ್ಲಿ ಬರೆದಷ್ಟು ಹೊಣೆ, ಅದರಾಚೆ ಇಲ್ಲ. ಇದು ನ್ಯಾಯವಾ ಎಂದು ಕೇಳಿದರೆ, ಅಲ್ಲ ಎಂದೇ ನಾನು ಹೇಳುತ್ತೇನೆ. ಕಾಗದ ಪತ್ರದ ಕಾಲಕ್ಕೆ ಮಾಡಿದ ಮಾತು ಅದು. ಇವತ್ತು ಒಂದು ಮನೆಯ ತಿಂಗಳ ದುಡಿಮೆ ಅದೇ ಚೀಲದಲ್ಲಿ ಹೋಗುತ್ತಿದೆ. ಬುಕ್ ಮಾಡುವಾಗ "ಒಳಗೇನಿದೆ, ಬೆಲೆ ಎಷ್ಟು, ವಿಮೆ ಬೇಕಾ" ಎಂದು ಕೌಂಟರಿನಲ್ಲಿ ಕೇಳುವುದನ್ನು ಇಲಾಖೆ ಕಡ್ಡಾಯ ಮಾಡಬೇಕು. ಸಾಲು ಉದ್ದ ಇದ್ದಾಗ ಯಾರೂ ಕೇಳುವುದಿಲ್ಲ. ಕೇಳದೇ ಹೋದರೆ ನಮ್ಮ ಜನಕ್ಕೆ ಅಂಥದ್ದೊಂದು ಇದೆ ಎಂದೇ ಗೊತ್ತಾಗುವುದಿಲ್ಲ.

ಇದೆ. ಅದೇ ಸ್ಪೀಡ್ ಪೋಸ್ಟ್‌ಗೆ 1 ಲಕ್ಷ ರೂಪಾಯಿವರೆಗೆ ವಿಮೆ ಸೇರಿಸಬಹುದು. ಬಹಳ ವರ್ಷ ನಡೆದುಬಂದ ದರ ಹೀಗಿತ್ತು: ಮೊದಲ 200 ರೂಪಾಯಿ ಬೆಲೆಗೆ 10 ರೂಪಾಯಿ, ಆಮೇಲೆ ಪ್ರತಿ 100ಕ್ಕೆ 6 ರೂಪಾಯಿ. ನಿಮ್ಮ ಸೀರೆಗೆ ಲೆಕ್ಕ ಹಾಕಿದರೆ 406 ರೂಪಾಯಿ, ಮೇಲೆ ಜಿಎಸ್‌ಟಿ. ಬುಕ್ ಮಾಡುವ ದಿನ ಆ ಹೊತ್ತಿನ ದರ ಕೇಳಿಕೊಳ್ಳಿ. ಕೈಮಗ್ಗದ ಸೀರೆಯಲ್ಲಿ ಉಳಿಯುವ ಲಾಭಕ್ಕೆ ಈ ಮೊತ್ತ ಹೊರೆಯೇ. ಆದ್ದರಿಂದ ಎಲ್ಲಕ್ಕೂ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಐನೂರು ರೂಪಾಯಿಯ ಬ್ಲೌಸ್ ಪೀಸ್ ಹೋದರೆ ತಡೆದುಕೊಳ್ಳಬಹುದು. ಆರೇಳು ಸಾವಿರದ ಸೀರೆ ಹೋದರೆ ನೇಕಾರರಿಗೆ ಕೊಡಬೇಕಾದ ದುಡ್ಡೇ ಇರುವುದಿಲ್ಲ, ಅಲ್ವಾ? ಯಾವ ಬೆಲೆಯಿಂದ ಮೇಲೆ ವಿಮೆ ಎಂದು ನಿಮ್ಮ ಮಟ್ಟಿಗೆ ಒಂದು ಗೆರೆ ಎಳೆದುಕೊಳ್ಳಿ. ಆ ಖರ್ಚನ್ನು ಬೆಲೆಯೊಳಗೇ ಸೇರಿಸಿ, "ಅಂಚೆ, ವಿಮೆ ಸೇರಿ ಇಷ್ಟು" ಎಂದು ಮೊದಲೇ ಹೇಳಿ. ಗ್ರಾಹಕರು ಬೇಡ ಎನ್ನುವುದು ಕಡಿಮೆ.

ಇನ್ನು ಹಣ ವಾಪಸ್ ಕೊಡುವ ಮಾತು. ಕೊಡಿ. 1930ರ ಸರಕು ಮಾರಾಟ ಕಾಯ್ದೆಯ 39ನೇ ಸೆಕ್ಷನ್ ಇಲ್ಲಿ ನೆನಪಿಟ್ಟುಕೊಳ್ಳಿ. ಸಾಗಿಸುವವರ ಕೈಗೆ ಕೊಟ್ಟರೆ ಕೊಂಡವರಿಗೇ ಕೊಟ್ಟ ಹಾಗೆ ಎಂದು ಅದು ಮೊದಲು ಹೇಳುತ್ತದೆ ನಿಜ. ಆದರೆ ವಸ್ತುವಿಗೆ ತಕ್ಕ ಹಾಗೆ ಸಾಗಣೆಯ ಏರ್ಪಾಡು ಮಾಡುವುದು ಮಾರಿದವರ ಕೆಲಸ, ಅದನ್ನು ಮಾಡದೆ ವಸ್ತು ಕಳೆದುಹೋದರೆ "ನನಗೆ ತಲುಪಿದ ಲೆಕ್ಕವಲ್ಲ" ಎಂದು ಕೊಂಡವರು ಹೇಳಬಹುದು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಏಳು ಸಾವಿರದ ಹತ್ತಿರದ ಸೀರೆಯನ್ನು ವಿಮೆ ಇಲ್ಲದೆ ಕಳಿಸಿದ್ದನ್ನು ತಕ್ಕ ಏರ್ಪಾಡು ಎಂದು ವಾದಿಸುವುದು ಕಷ್ಟ. ಒಟ್ಟಿಗೆ ಕೊಡಲು ಆಗದಿದ್ದರೆ ಎರಡು ಕಂತು ಕೇಳಿ, ಇಲ್ಲವೇ ಬೇರೆ ಸೀರೆ ಆಗಬಹುದಾ ಎಂದು ಕೇಳಿ. ಪುಣೆಯಲ್ಲಿ ಕೂತು ನಿಮ್ಮನ್ನು ನಂಬಿ ಮುಂಗಡ ಹಣ ಹಾಕಿದವರು ಅವರು.

ಪ್ರಶ್ನೆ: 3,000 ರೂಪಾಯಿಯ ವಸ್ತುವಿಗೆ 10,000ಕ್ಕೆ ವಿಮೆ ಮಾಡಿಸಬಹುದಾ? ಕಳೆದುಹೋದರೆ ತೊಂದರೆಗೂ ಸೇರಿಸಿ ಸಿಗುತ್ತದಲ್ಲ?
– ಓದುಗರು, ತುಮಕೂರು

ಉತ್ತರ: ಸಿಗುವುದಿಲ್ಲ. ವಸ್ತುವಿನ ನಿಜವಾದ ಬೆಲೆಗಿಂತ ಜಾಸ್ತಿಗೆ ವಿಮೆ ಮಾಡಿಸುವಂತಿಲ್ಲ. ಪರಿಹಾರ ಕೊಡುವುದೂ ಆದ ನಷ್ಟಕ್ಕೆ ಮಾತ್ರ. ಜಾಸ್ತಿ ಬರೆಸಿದರೆ ಕ್ಲೇಮು ಬಿದ್ದುಹೋಗುವ ಅಪಾಯ ಬೇರೆ. ಬೆಲೆ ತೋರಿಸಲು ಬಿಲ್ ಬೇಕು. ಮನೆಯಲ್ಲೇ ಮಾಡಿದ ವಸ್ತು, ಬಿಲ್ ಪುಸ್ತಕ ಇಲ್ಲ ಎನ್ನುವವರು ಗ್ರಾಹಕರ ಆರ್ಡರ್ ಮೆಸೇಜು, ಯುಪಿಐ ಹಣ ಬಂದ ದಾಖಲೆ ಇಟ್ಟುಕೊಳ್ಳಿ. ಹತ್ತು ರೂಪಾಯಿಯ ಬಿಲ್ ಪುಸ್ತಕ ತಂದು ಬರೆಯಲು ಶುರು ಮಾಡಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು. ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತೇವೆ. ಊರಿನ ಅಂಚೆ ಕಚೇರಿಯಲ್ಲಿ ದೊಡ್ಡ ಮೊತ್ತಕ್ಕೆ ವಿಮೆ ಆಗುವುದಿಲ್ಲ ಎಂದರು. ಅವರು ಸುಮ್ನೆ ಹೇಳಿದ್ದಾ? ಬಾಟಲಿ ಒಡೆದರೂ ವಿಮೆ ಸಿಗುತ್ತದಾ?
– ಓದುಗ ದಂಪತಿ, ಉತ್ತರ ಕನ್ನಡ

ಉತ್ತರ: ಸುಮ್ನೆ ಹೇಳಿದ್ದಲ್ಲ. ಹಳ್ಳಿಯ ಬ್ರಾಂಚ್ ಆಫೀಸಿನಲ್ಲಿ ವಿಮೆಯ ಮಿತಿ 600 ರೂಪಾಯಿ ಮಾತ್ರ. ಲಕ್ಷದ ಮಿತಿ ಇರುವುದು ಅದಕ್ಕಿಂತ ದೊಡ್ಡ ಅಂಚೆ ಕಚೇರಿಗಳಾದ ಸಬ್ ಆಫೀಸು ಮತ್ತು ಹೆಡ್ ಆಫೀಸಿನಲ್ಲಿ. ಹಳ್ಳಿಯಿಂದ ಮಾರುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ತೊಡಕು. 2,000 ರೂಪಾಯಿಯ ಒಂದು ಡಬ್ಬಿಗಾಗಿ ಬಸ್ ಹತ್ತಿ ಪೇಟೆಗೆ ಹೋಗಬೇಕು. ಆ ಮಿತಿ ಏರಿಸಬೇಕು ಎಂದು ನಾನು ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಅಲ್ಲಿಯವರೆಗೆ ವಾರದ ಸಂತೆಗೆ ಹೋಗುವ ದಿನ ಬೆಲೆಬಾಳುವ ಪಾರ್ಸಲ್‌ಗಳನ್ನೆಲ್ಲ ಒಟ್ಟಿಗೆ ಸಬ್ ಆಫೀಸಿನಲ್ಲಿ ಬುಕ್ ಮಾಡಿ.

ಒಡೆಯುವ ವಿಷಯದಲ್ಲಿ ಮಾತ್ರ ವಿಮೆಯನ್ನು ನಂಬಿ ಕೂರಬೇಡಿ. ಪ್ಯಾಕಿಂಗ್ ಸಾಲದು ಎಂದು ಕಂಡರೆ ಪರಿಹಾರ ಇಲ್ಲ. ಟಪಾಲು ಚೀಲ ಒಂದರ ಮೇಲೊಂದು ಬೀಳುತ್ತದೆ, ಅದನ್ನು ಯಾರೂ ತಪ್ಪಿಸಲಾರರು. ಜೇನನ್ನು ಗಾಜಿನ ಬಾಟಲಿಯಲ್ಲಿ ಕಳಿಸಲೇಬೇಡಿ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಒಳಮುಚ್ಚಳ ಹಾಕಿ. ಅದನ್ನು ಕವರಿನಲ್ಲಿ ಕಟ್ಟಿ, ಸುತ್ತ ಮರದ ಹೊಟ್ಟು ಅಥವಾ ಭತ್ತದ ಹೊಟ್ಟು ತುಂಬಿದ ರಟ್ಟಿನ ಡಬ್ಬಿಯೊಳಗೆ ಇಡಿ. ಸೋರಿದರೆ ಹೀರಿಕೊಳ್ಳುವ ವಸ್ತು ಸುತ್ತ ಇರಲೇಬೇಕು ಎಂಬುದು ದ್ರವ ಪದಾರ್ಥಕ್ಕೆ ಅಂಚೆಯ ಹಳೆಯ ನಿಯಮ. ನಿಮ್ಮ ಎಣ್ಣೆ ಸೋರಿ ಬೇರೆಯವರ ಕಾಗದ ಹಾಳಾಗಬಾರದಲ್ಲ.

ಇನ್ನೊಂದು ಮಾತು. ಅಂಟಿಸುವ ಮೊದಲು ಡಬ್ಬಿಯ ಒಳಗಿನ ಫೋಟೋ, ಅಂಟಿಸಿದ ಮೇಲೆ ತೂಕದ ಯಂತ್ರದ ಮೇಲಿಟ್ಟ ಫೋಟೋ ತೆಗೆದುಕೊಳ್ಳಿ. ಬುಕಿಂಗ್ ರಸೀದಿಯಲ್ಲಿ ತೂಕ ಇರುತ್ತದೆ. ತಲುಪಿದಾಗ ತೂಕ ಕಡಿಮೆ ಬಂದರೆ ದಾರಿಯಲ್ಲಿ ಏನೋ ಆಗಿದೆ ಎನ್ನಲು ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಡಬ್ಬಿ ಹರಿದಿದ್ದರೆ, ಟೇಪು ಬದಲಾಗಿದ್ದರೆ ಸಹಿ ಹಾಕಬೇಡಿ, ಅಂಚೆ ಕಚೇರಿಯಲ್ಲಿ ತೂಕ ಹಾಕಿಸಿ ಎದುರಲ್ಲೇ ತೆಗೆಸಿ ಎಂದು ಗ್ರಾಹಕರಿಗೆ ಮೊದಲೇ ಹೇಳಿಡಿ. ಇದಕ್ಕೆ ಓಪನ್ ಡೆಲಿವರಿ ಎನ್ನುತ್ತಾರೆ. ಏನೂ ಹೇಳದೆ ಸಹಿ ಹಾಕಿ ತೆಗೆದುಕೊಂಡ ಮೇಲೆ ಕ್ಲೇಮು ನಿಲ್ಲುವುದು ಬಹಳ ಕಷ್ಟ.

ಪ್ರಶ್ನೆ: ಚನ್ನಪಟ್ಟಣದ ಮರದ ಗೊಂಬೆ ಮಾರುತ್ತೇನೆ. ಟ್ರ್ಯಾಕಿಂಗ್‌ನಲ್ಲಿ "ಡೆಲಿವರ್ಡ್" ಎಂದಿದೆ. ಗ್ರಾಹಕರು ಬಂದೇ ಇಲ್ಲ ಎನ್ನುತ್ತಾರೆ. ಯಾರನ್ನು ನಂಬಲಿ?
– ಓದುಗರು, ರಾಮನಗರ ಕಡೆಯಿಂದ

ಉತ್ತರ: ಇಬ್ಬರನ್ನೂ ಅನುಮಾನಿಸದೆ ಕಾಗದ ಕೇಳಿ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರೋ ಪಕ್ಕದ ಮನೆಯವರೋ ತೆಗೆದುಕೊಂಡು ಮರೆತಿರುವುದು ನಾನು ಎಷ್ಟೋ ಸಲ ಕಂಡದ್ದು. ಮೊದಲು ಅಲ್ಲಿ ವಿಚಾರಿಸಲು ಹೇಳಿ. ಆಮೇಲೆ ಅವತ್ತೇ ದೂರು ಹಾಕಿ. ಇಂಡಿಯಾ ಪೋಸ್ಟ್ ವೆಬ್‌ಸೈಟಿನಲ್ಲಿ ಹಾಕಬಹುದು, ಇಲ್ಲವೇ 1800 266 6868ಕ್ಕೆ ಕರೆ ಮಾಡಬಹುದು. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್ ಇರುವ 13 ಅಕ್ಷರದ ನಂಬರು ಅವರಿಗೆ ಬೇಕು. ಯಾರ ಸಹಿ ಪಡೆದು ಕೊಟ್ಟಿದ್ದಾರೆ ಎಂಬ ದಾಖಲೆ ತೋರಿಸಿ ಎಂದು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. "ಪಾರ್ಸಲ್ ಬಂದಿಲ್ಲ" ಎಂದಷ್ಟೇ ಬರೆದರೆ "ಡೆಲಿವರ್ ಆಗಿದೆ" ಎಂದು ಉತ್ತರ ಬರೆದು ದೂರು ಮುಚ್ಚುತ್ತಾರೆ. ಹಾಗೆ ಮುಚ್ಚಿದರೆ ಸಿಪಿಗ್ರಾಮ್ಸ್, ಅಂದರೆ ಕೇಂದ್ರ ಸರ್ಕಾರದ ಸಾರ್ವಜನಿಕ ದೂರಿನ ಪೋರ್ಟಲ್‌ನಲ್ಲಿ ಮತ್ತೆ ಹಾಕಿ. ಅಲ್ಲೂ ತೃಪ್ತಿ ಆಗದಿದ್ದರೆ ಅಂಚೆ ಅದಾಲತ್ ಇದೆ. ಅಲ್ಲಿ ಅಧಿಕಾರಿಗಳ ಎದುರಿಗೇ ಕೂತು ಮಾತಾಡಬಹುದು. ಅದಾಲತ್ ಯಾವಾಗ ಎಂದು ಮುಂಚೆಯೇ ಪ್ರಕಟಿಸುತ್ತಾರೆ, ಪತ್ರಿಕೆಯ ಒಳಪುಟದಲ್ಲಿ ಕಣ್ಣಾಡಿಸಿ.

ಮುಂದಿನ ಸಲದಿಂದ ಬುಕ್ ಮಾಡುವಾಗಲೇ ಒಟಿಪಿ ಡೆಲಿವರಿ ಕೇಳಿ. ಗ್ರಾಹಕರ ಮೊಬೈಲ್‌ಗೆ ಬಂದ ಒಟಿಪಿ ಹೇಳಿದರೆ ಮಾತ್ರ ಪಾರ್ಸಲ್ ಕೊಡುವ ಏರ್ಪಾಡು ಅದು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ ಮೇಲೆ ಈ ಸೌಲಭ್ಯ ಬಂದಿದೆ. ಒಂದಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ. ವಿಳಾಸದಾರರಿಗೇ ಕೊಡಬೇಕು ಎಂದು ರಿಜಿಸ್ಟ್ರೇಷನ್ ಸೇರಿಸಿದರೆ ಇನ್ನೊಂದು 5. ಗ್ರಾಹಕರ ಮೊಬೈಲ್ ನಂಬರನ್ನು ಸರಿಯಾಗಿ ಬರೆಸಿ. ಇದು ವಿಮೆ ಅಲ್ಲ. ಆದರೆ ನೀವು ಕೇಳಿದಂಥ ಜಗಳಕ್ಕೆ ವಿಮೆಗಿಂತ ಇದೇ ಜಾಸ್ತಿ ಉಪಯೋಗ.

ಪ್ರಶ್ನೆ: ಹಳೆಯ ಪುಸ್ತಕ ಮಾರಿ ಜೀವನ ನಡೆಸುತ್ತೇನೆ. ಖಾಸಗಿ ಕೊರಿಯರ್ ಒಂದರಲ್ಲಿ 9,000 ರೂಪಾಯಿಯ ಪುಸ್ತಕದ ಕಟ್ಟು ಕಳೆದುಹೋಯಿತು. ರಸೀದಿಯ ಹಿಂದೆ 100 ರೂಪಾಯಿ ಮಾತ್ರ ಹೊಣೆ ಎಂದು ಬರೆದಿದೆಯಂತೆ. ಗ್ರಾಹಕ ನ್ಯಾಯಾಲಯಕ್ಕೆ ಹೋದರೆ, ನೀವು ವ್ಯಾಪಾರಿ, ಗ್ರಾಹಕ ಅಲ್ಲ ಎನ್ನುತ್ತಾರಾ?
– ಓದುಗರು, ಧಾರವಾಡ

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರನ್ನು ಹೊರಗಿಡುತ್ತದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾಡುವ ಕೆಲಸವನ್ನು ವ್ಯಾಪಾರದ ಉದ್ದೇಶ ಎಂದು ಅದು ಎಣಿಸುವುದಿಲ್ಲ. ನಿಮ್ಮದು ಅದೇ. ಇದೇ ನನ್ನ ಜೀವನಾಧಾರ, ನಾನೇ ದುಡಿಯುತ್ತೇನೆ ಎಂದು ದೂರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ. ಇದನ್ನು ಬಿಟ್ಟರೆ ಅಲ್ಲೇ ಎಡವುತ್ತೀರಿ.

100 ರೂಪಾಯಿಯ ಷರತ್ತು ನಿಜಕ್ಕೂ ಅಡ್ಡಿಯೇ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಕೊರಿಯರ್ ಸಂಸ್ಥೆ ಡಿಎಚ್ಎಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಸಹಿ ಹಾಕಿದ ರಸೀದಿಯಲ್ಲಿರುವ 100 ಡಾಲರ್ ಮಿತಿಯನ್ನು ಎತ್ತಿಹಿಡಿಯಿತು. ಸಹಿ ಹಾಕಿದವರಿಗೆ ಷರತ್ತು ಅನ್ವಯಿಸುತ್ತದೆ ಎಂಬುದು ಅದರ ಸಾರ. ಹಾಗಾಗಿ ನಿಮ್ಮ ರಸೀದಿ ತೆಗೆದು ನೋಡಿ. ನಿಮ್ಮ ಸಹಿ ಇದೆಯಾ? ಷರತ್ತನ್ನು ಯಾರಾದರೂ ಓದಿ ಹೇಳಿದ್ದರಾ? ಸಹಿಯೇ ಇಲ್ಲ, ಅಕ್ಷರ ಕಣ್ಣಿಗೆ ಕಾಣದಷ್ಟು ಸಣ್ಣದು, ಹಣ ಕಟ್ಟಿದ ಮೇಲೆ ರಸೀದಿ ಕೈಗೆ ಬಂತು ಎನ್ನುವುದಾದರೆ ನಿಮ್ಮ ವಾದಕ್ಕೆ ಜಾಗ ಇದೆ. ಬೆಲೆ 9,000 ಎಂದು ಬುಕ್ ಮಾಡುವಾಗ ಬರೆಸಿದ್ದರೆ ಇನ್ನೂ ಬಲ.

ಮೊದಲು ಕೊರಿಯರ್‌ನವರಿಗೆ ಲಿಖಿತ ದೂರು ಕೊಡಿ, ಫೋನಿನಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ. ಆಮೇಲೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ಜಗಳ ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ, ಇಲ್ಲವೇ ಗ್ರಾಹಕ ಆಯೋಗಗಳಿಗೆ ಆನ್‌ಲೈನ್ ದೂರು ಕೊಡುವ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು ಹಾಕಿ. ನೀವು ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕು ಎಂದೂ ಇಲ್ಲ. ಪಾರ್ಸಲ್ ಕಳೆದು ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ರಸೀದಿಯ ಎರಡೂ ಬದಿಯ ಫೋಟೋ ಇವತ್ತೇ ತೆಗೆದಿಡಿ. ಅದರ ಮಸಿ ಬೇಗ ಮಾಸಿಹೋಗುತ್ತದೆ.