ಟಾಸ್ಮೇನಿಯಾದ ತೊರಕೆಗೆ ತಳದಲ್ಲಿ ಉಸಿರಿಲ್ಲ

ಪ್ರಶ್ನೆ: ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಮೌಜಿಯನ್ ಸ್ಕೇಟ್ ಎಂಬ ತೊರಕೆ ಜಾತಿಯ ಮೀನು ಅಳಿವಿನ ಅಂಚಿನಲ್ಲಿದೆ, ಅದಕ್ಕೆ ಸಾಲ್ಮನ್ ಸಾಕಣೆಯೂ ಅಣೆಕಟ್ಟೂ ಕಾರಣ ಎಂದು ಓದಿದೆ. ತಿನ್ನಲೆಂದು ಯಾರೂ ಹಿಡಿಯದ ಮೀನಿಗೆ ಇವುಗಳಿಂದ ಆಗುವ ತೊಂದರೆಯೇನು?
– ಓದುಗರು, ಪಾಂಡವಪುರ, ಮಂಡ್ಯ ಜಿಲ್ಲೆ

ಉತ್ತರ: ಈ ಮೀನು ಪತ್ತೆಯಾದದ್ದು 1988ರಲ್ಲಿ, ಟಾಸ್ಮೇನಿಯಾದ ಬ್ಯಾಥರ್ಸ್ಟ್ ಹಾರ್ಬರ್ ಎಂಬ, ನದಿ ಸಮುದ್ರ ಸೇರುವ ಅಳಿವೆಯಲ್ಲಿ. ಅದಾದ ಮೇಲೆ ಪಶ್ಚಿಮ ಕರಾವಳಿಯ ಮಕ್ವಾರಿ ಹಾರ್ಬರ್‌ನಲ್ಲಿಯೂ ಕಂಡುಬಂದಿತು. ಬೇರೆಲ್ಲಿಯೂ ಇಲ್ಲ. ಇಂದು ಉಳಿದಿರುವ ಬಹುಪಾಲು ಮೀನುಗಳು ಮಕ್ವಾರಿಯಲ್ಲಿಯೇ ಇರುವುದರಿಂದ, ಅಲ್ಲಿನ ನೀರು ಕೆಟ್ಟರೆ ಜಾತಿಯೇ ಕೆಟ್ಟಂತೆ.

ಚಪ್ಪಟೆ ಮೈಯ ತೊರಕೆಗಳ ಬಾಯಿ ಮತ್ತು ಕಿವಿರಿನ ಸೀಳುಗಳು ಹೊಟ್ಟೆಯ ಕಡೆ ಇರುತ್ತವೆ. ಕೆಸರಿನ ಮೇಲೆ ಮಲಗಿದಾಗ ಕಣ್ಣಿನ ಹಿಂದಿರುವ ರಂಧ್ರಗಳ ಮೂಲಕ ನೀರನ್ನು ಒಳಗೆಳೆದು ಉಸಿರಾಡುತ್ತವೆ. ಮೌಜಿಯನ್ ಸ್ಕೇಟ್ ತಳದ ಏಡಿ, ಸೀಗಡಿಗಳನ್ನು ತಿಂದು ಬದುಕುತ್ತದೆ ಮತ್ತು ಚರ್ಮದಂಥ ಕೋಶದೊಳಗೆ ಮೊಟ್ಟೆಯನ್ನು ತಳದಲ್ಲಿಯೇ ಇಡುತ್ತದೆ. ಅದು ಮರಿಯಾಗಲು ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ದೊಡ್ಡ ಮೀನು ಉಸಿರುಕಟ್ಟಿದರೆ ಜಾಗ ಬದಲಿಸಬಹುದು. ಇಷ್ಟು ದೀರ್ಘಕಾಲ ಅಲುಗಾಡದೆ ಬಿದ್ದಿರುವ ಮೊಟ್ಟೆಗೆ ಆ ಅವಕಾಶವಿಲ್ಲ.

ಮಕ್ವಾರಿಯ ನೀರು ಪದರಪದರವಾಗಿದೆ. ನದಿಗಳು ತರುವ, ಕಾಡಿನ ಎಲೆ ಬೇರುಗಳ ಸತ್ವದಿಂದ ಕಂದುಬಣ್ಣಕ್ಕೆ ತಿರುಗಿದ ಸಿಹಿನೀರು ಮೇಲೆ ನಿಲ್ಲುತ್ತದೆ. ಭಾರವಾದ ಉಪ್ಪುನೀರು ಕೆಳಗಿರುತ್ತದೆ. ಸಮುದ್ರದ ಬಾಯಿ ಕಿರಿದೂ ಆಳವಿಲ್ಲದ್ದೂ ಆಗಿರುವುದರಿಂದ, ಗಾಳಿ, ಉಬ್ಬರ ಮತ್ತು ನದಿಯ ಹರಿವು ಮೂರೂ ಕೂಡಿಬಂದಾಗ ಮಾತ್ರ ಆಮ್ಲಜನಕವಿರುವ ಹೊಸ ನೀರು ತಳಕ್ಕೆ ಇಳಿಯುತ್ತದೆ. ಮಕ್ವಾರಿಗೆ ಬಂದು ಸೇರುವ ಗಾರ್ಡನ್ ನದಿಗೆ 1970ರ ದಶಕದಲ್ಲಿ ಜಲವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟು ಆ ಹರಿವಿನ ಸಹಜ ಏರಿಳಿತವನ್ನು ಬದಲಿಸಿದೆ. ಕೆ.ಆರ್.ಎಸ್. ಬಾಗಿಲು ತೆರೆದಾಗ ಒಂದು, ಮುಚ್ಚಿದಾಗ ಇನ್ನೊಂದು ಕಾವೇರಿಯನ್ನು ಕಾಣುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇದು ಸಾಲದೆಂಬಂತೆ, ನೀರಿನಲ್ಲಿಯೇ ಪಂಜರ ಹಾಕಿ ಸಾಲ್ಮನ್ ಮೀನು ಸಾಕುವ ಉದ್ಯಮವೂ ಬಂದಿತು. ಪಂಜರದ ಮೀನುಗಳು ಉಳಿಸಿದ ಆಹಾರವೂ ಅವುಗಳ ಮಲವೂ ಕೆಳಗಿಳಿದು, ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಳದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. 2012ರ ನಂತರ ಸಾಕಣೆ ವಿಸ್ತರಿಸಿತು, ಆಮ್ಲಜನಕ ಗಣನೀಯವಾಗಿ ಇಳಿಯಿತು. ಟಾಸ್ಮೇನಿಯಾ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದಂತೆ 2014 ಮತ್ತು 2021ರ ನಡುವೆ ಸ್ಕೇಟ್‌ಗಳ ಸಂಖ್ಯೆ ಸುಮಾರು ಶೇ. 47ರಷ್ಟು ಕುಸಿಯಿತು. ಬೇರೆ ಮೀನಿಗಾಗಿ ಹಾಕಿದ ಬಲೆಗೆ ಇವು ಸಿಕ್ಕಿಬೀಳುವುದೂ ಉಂಟು, ಆದರೆ ಮುಖ್ಯ ಕಾರಣ ಆಮ್ಲಜನಕದ ಕೊರತೆಯೇ.

ಪ್ರಶ್ನೆ: ತೊಟ್ಟಿಯಲ್ಲಿ ಮರಿ ಮಾಡಿಸಿ ಬಿಟ್ಟರೆ ಸಾಲದೆ?
– ಓದುಗರು, ಮೈಸೂರು

ಉತ್ತರ: ಸಾಲದು, ಆದರೂ ಆ ಕೆಲಸ ಅಗತ್ಯ. 2023ರ ಕೊನೆಯಲ್ಲಿ ಮೊಟ್ಟೆಗಳನ್ನೂ ನಾಲ್ಕು ಪ್ರೌಢ ಮೀನುಗಳನ್ನೂ ತೊಟ್ಟಿಗೆ ತಂದರು; ಎರಡು ಮೀನುಗಳು ಬೇಗನೆ ಸತ್ತವು. ಉಳಿದವುಗಳಲ್ಲಿ ಒಂದು ಹೆಣ್ಣು ತೊಟ್ಟಿಯಲ್ಲಿಯೇ ಮೊಟ್ಟೆ ಇಟ್ಟಿತು, 2024ರಲ್ಲಿ ಆ ಮೊಟ್ಟೆಗಳಿಂದ ಮರಿಯೂ ಹೊರಬಂದಿತು. ಇದು ದೊಡ್ಡ ಸಾಧನೆ. ಜಾತಿಯನ್ನು ಪೂರ್ತಿ ಕಳೆದುಕೊಳ್ಳದಂತೆ ಇದು ಕಾಯುತ್ತದೆ, ಮರಿಗಳು ಮರಳಬೇಕಾದ ತಳವನ್ನು ಮಾತ್ರ ಸರಿಪಡಿಸುವುದಿಲ್ಲ.

ಆಳದ ನೀರಿಗೆ ಆಮ್ಲಜನಕ ತುಂಬುವ ಪ್ರಯೋಗವೂ ನಡೆದಿದೆ. 2025ರಲ್ಲಿ ವರದಿಯಾದ ಸಮೀಕ್ಷೆಯಲ್ಲಿ ಸಂಖ್ಯೆ ಚೇತರಿಸಿಕೊಂಡಿರುವುದು ಕಂಡಿದೆ, ನೆಮ್ಮದಿಯ ಸುದ್ದಿ. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಸಂಸತ್ತು ಅಲ್ಲಿನ ಸಾಕಣೆಯ ಅನುಮತಿಯನ್ನು ಮರುಪರಿಶೀಲಿಸುವ ಅಧಿಕಾರವನ್ನು ಮೊಟಕುಗೊಳಿಸುವ ಕಾನೂನು ಮಾಡಿತು. ಉದ್ಯೋಗ ಕಳೆದುಕೊಳ್ಳುವ ಕುಟುಂಬಗಳ ಆತಂಕ ನಿಜವಾದರೂ, ಹೆಚ್ಚುಕಡಿಮೆ ಒಂದೇ ನೆಲೆ ಉಳಿದಿರುವ ಜೀವಿಯ ವಿಷಯದಲ್ಲಿ ಮರುಪರಿಶೀಲನೆಯ ದಾರಿಯನ್ನೇ ಮುಚ್ಚಿದ್ದು ತಪ್ಪೆಂದು ನನ್ನ ಅಭಿಪ್ರಾಯ. ಪಂಜರಗಳ ಪ್ರಮಾಣ ತಗ್ಗಿ, ಮೊಟ್ಟೆ ಇಡುವ ಆಳದಲ್ಲಿ ಆಮ್ಲಜನಕ ಹಲವು ವರ್ಷ ಸ್ಥಿರವಾಗಿ ನಿಂತಿದೆಯೆಂದು ಅಳತೆಗಳು ತೋರಿಸಿದ ಮೇಲೆಯೇ ಮರಿಗಳನ್ನು ಅಲ್ಲಿಗೆ ಬಿಡಬೇಕು.